ಕೌತ್ಸನ ದಕ್ಷಿಣೆಯನ್ನು ಕೊಡತಕ್ಕವರಾರು?

ಉನ್ನತ ವಿದ್ಯೆಯ ವಿಷಯದಲ್ಲಿ ಇಂಗ್ಲೆಂಡು ದೇಶವೇ ಲೋಕಕ್ಕೆ ಗುರುವೆಂದೂ, ಅಲ್ಲಿಯ ವಿಶ್ವವಿದ್ಯಾನಿಲಯಗಳ ಶಾಖೆಗಳು ನಮ್ಮ ನಾಡಿಗೆ ಬರುವುದು ನಮ್ಮ ಪೂರ್ವಪುಣ್ಯದ ಫಲವೆಂದೂ, ವಿದ್ಯಾರ್ಥಿಯು ತನ್ನ ವಿದ್ಯೆಯ ಬೆಲೆಯನ್ನು ತಾನೇ ತೆರುವ ಆ ದೇಶದ ಕ್ರಮವನ್ನು ನಾವೂ ತಡಮಾಡದೆ ಅಂಗೀಕರಿಸಬೇಕೆಂದೂ ಹೇಳುವ ಮಾತು ಈಚೆಗೆ ನಮ್ಮ ವಿದ್ಯಾವಂತರ ಬಾಯಲ್ಲಿ ಮಂತ್ರದಂತೆ ಓಡಾಡುತ್ತಿದೆ. ನಮ್ಮ ಸಂಘದ ಸಭೆಯಲ್ಲಿಯೂ ಮಾನ್ಯ ಮಿತ್ರರೊಬ್ಬರು ಇದನ್ನೇ ಬಹು ಸೊಗಸಾಗಿ ಪ್ರತಿಪಾದಿಸಿದರು. ಕೇಳಿದವರು ಕೈ ತಟ್ಟಿದರು. ಆ ಮಿತ್ರರ ಪಾಂಡಿತ್ಯದಲ್ಲಿ ನನಗೆ ಗೌರವವುಂಟು. ಅವರ ಪಕ್ಷದಲ್ಲಿ ಮಾತ್ರ ಇಲ್ಲ. ಇಂಗ್ಲೆಂಡನ್ನು ಹೊಗಳುವವರು ಅದರ ನೆರೆಯಲ್ಲಿಯೇ ಇರುವ ಜರ್ಮನಿ ದೇಶದ ಕಡೆಗೆ ಒಮ್ಮೆಯಾದರೂ ಕಣ್ಣು ಹಾಯಿಸಬೇಡವೆ? ಒಂದೇ ಪ್ರಶ್ನೆಗೆ ಎರಡು ರಾಷ್ಟ್ರಗಳು ಎರಡು ಬೇರೆ ಉತ್ತರಗಳನ್ನು ಕೊಟ್ಟಿರುವಾಗ ಒಂದನ್ನೇ ಓದಿ ತೀರ್ಪು ಹೇಳುವುದು ಪೂರ್ವಪಕ್ಷವನ್ನೇ ಸಿದ್ಧಾಂತವೆಂದು ತಿಳಿದಂತೆ.

ಆ ಪ್ರಶ್ನೆ ಯಾವುದೆಂಬುದನ್ನು ಹೇಳಲು ನಮ್ಮವರದೇ ಒಂದು ಕಥೆ ಸಾಕು. ರಘುವಂಶವನ್ನು ಓದಿದವರಿಗೆ ಕೌತ್ಸನ ವೃತ್ತಾಂತ ತಿಳಿದೇ ಇರುವುದು. ಆದರೂ ಪ್ರಕೃತಕ್ಕೆ ಬೇಕಾದಷ್ಟನ್ನು ಜ್ಞಾಪಿಸುವೆನು. ಕೌತ್ಸನು ವರತಂತುವೆಂಬ ಮಹರ್ಷಿಯಲ್ಲಿ ಹದಿನಾಲ್ಕು ವಿದ್ಯೆಗಳನ್ನು ಕಲಿತನು. ಗುರುವು, ನಿನ್ನ ಶುಶ್ರೂಷೆಯೇ ದಕ್ಷಿಣೆಯಾಯಿತು ಹೋಗು, ಎಂದನು. ಶಿಷ್ಯನು ಬಿಡದೆ ಕಾಡಿದ್ದರಿಂದ ಸಿಟ್ಟಾಗಿ, ವಿದ್ಯೆಗೆ ಒಂದರಂತೆ ಹದಿನಾಲ್ಕು ಕೋಟಿ ತಂದುಕೊಡು, ಎಂದುಬಿಟ್ಟನು. ಬ್ರಹ್ಮಚಾರಿಯ ಬಳಿ ಏನಿದ್ದೀತು? ಅವನು ನೇರವಾಗಿ ರಘುಮಹಾರಾಜನಲ್ಲಿಗೆ ಬಂದನು. ಆ ರಾಜನಾದರೋ ವಿಶ್ವಜಿದ್ಯಾಗದಲ್ಲಿ ಸರ್ವಸ್ವವನ್ನೂ ಕೊಟ್ಟು ಮುಗಿಸಿ, ಅತಿಥಿಗೆ ಅರ್ಘ್ಯವನ್ನು ಮಣ್ಣಿನ ಪಾತ್ರೆಯಲ್ಲಿ ತಂದನು. ಇದನ್ನು ಕಂಡು ಕೌತ್ಸನು ಹಿಂದಿರುಗಲು ಅನುವಾದನು. ರಾಜನು ಬೊಕ್ಕಸ ಬರಿದಾಗಿದೆಯೆಂದು ಕೈಮುಗಿಯಬಹುದಾಗಿತ್ತು, ಹಾಗೆ ಮಾಡಲಿಲ್ಲ. ವಿದ್ಯೆ ಮುಗಿಸಿ ಗುರುವಿಗಾಗಿ ಬೇಡಬಂದವನನ್ನು ಹಿಂದಕ್ಕೆ ಕಳುಹಿಸುವುದು ತನಗೆ ಅಪವಾದವೆಂದೆಣಿಸಿ ಎರಡು ಮೂರು ದಿನ ತಡೆಯಬೇಕೆಂದು ಕೇಳಿಕೊಂಡು, ಕುಬೇರನ ಮೇಲೆಯೇ ದಂಡೆತ್ತಲು ರಥವನ್ನು ಸಜ್ಜುಮಾಡಿದನು. ಕೋಶಾಗಾರದಲ್ಲಿ ಚಿನ್ನದ ಮಳೆ ಸುರಿದುದು ಆಮೇಲಿನ ಮಾತು.

ಈ ಕಥೆಯಲ್ಲಿ ಗುರು, ಶಿಷ್ಯ, ಅರಸ ಎಂದು ಮೂವರಿದ್ದಾರೆ. ವಿದ್ಯೆಗೆ ಬೆಲೆಯಿಲ್ಲವೆಂದು ಕವಿಯು ಹೇಳಲಿಲ್ಲ. ಹದಿನಾಲ್ಕು ಕೋಟಿಯ ಬೆಲೆಯನ್ನೇ ಕಟ್ಟಿದನು. ಆದರೆ ಅದನ್ನು ತೆರತಕ್ಕವನು ಕೌತ್ಸನಲ್ಲ, ರಘುವು. ಇಂಗ್ಲೆಂಡು ಈ ಕಥೆಯಿಂದ ಅರಸನನ್ನು ಎಬ್ಬಿಸಿ ಕಳುಹಿಸಿ ಆ ಪೀಠದಲ್ಲಿ ಸಾಲಕೊಡುವ ಸಾಹುಕಾರನನ್ನು ಕುಳ್ಳಿರಿಸಿತು. ಜರ್ಮನಿಯೂ ಒಮ್ಮೆ ಅದೇ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದು, ನಿಂತು ಯೋಚಿಸಿ, ಹಿಂದಿರುಗಿತು. ನಾವು ಯಾರ ಹಿಂದೆ ಹೋಗಬೇಕೆಂಬುದೇ ಇಲ್ಲಿಯ ವಿವಾದ.

ಇಂಗ್ಲೆಂಡಿನ ಹಳೆಯ ಕೀರ್ತಿಯನ್ನು ಮೊದಲು ನೋಡೋಣ. ಹತ್ತೊಂಬತ್ತನೆಯ ಶತಮಾನ ಹುಟ್ಟಿ ಕಾಲು ಭಾಗ ಕಳೆಯುವವರೆಗೆ ಆ ದೇಶಕ್ಕೆಲ್ಲ ಇದ್ದ ವಿಶ್ವವಿದ್ಯಾನಿಲಯಗಳು ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಂಬ ಎರಡೇ. ಅಲ್ಲಿ ಪ್ರವೇಶಕ್ಕೋ ಪದವಿಗೋ ಆಂಗ್ಲ ಚರ್ಚಿನ ಮತಸೂತ್ರಗಳಿಗೆ ರುಜು ಹಾಕಬೇಕಾಗಿದ್ದಿತು. ಈ ಮತಪರೀಕ್ಷೆಯನ್ನು ಬಹುಮಟ್ಟಿಗೆ ತೆಗೆದುಹಾಕಿದ ಶಾಸನ ಬಂದದ್ದು 1871ರಲ್ಲಿ. ಆಡಂ ಸ್ಮಿತ್ ಎಂಬ ಅರ್ಥಶಾಸ್ತ್ರಜ್ಞನು ತಾನು ಓದಿದ ಆಕ್ಸ್‌ಫರ್ಡಿನ ಬಹುಪಾಲು ಪ್ರಾಧ್ಯಾಪಕರು ಪಾಠ ಹೇಳುವ ನಟನೆಯನ್ನೂ ಬಿಟ್ಟುಬಿಟ್ಟಿದ್ದಾರೆಂದು 1776ರ ತನ್ನ ಗ್ರಂಥದಲ್ಲಿ ದೂರಿಟ್ಟಿರುವನು. ಇದು ಶತ್ರುವಿನ ಮಾತಲ್ಲ, ಅಲ್ಲಿಯ ವಿದ್ಯಾರ್ಥಿಯದೇ.

ಇನ್ನು ಪ್ರಷ್ಯಾ. 1806ರಲ್ಲಿ ಯೇನಾ ಯುದ್ಧಭೂಮಿಯಲ್ಲಿ ನೆಪೋಲಿಯನ್ನನು ಆ ರಾಜ್ಯವನ್ನು ಮುರಿದನು. ಮರುವರ್ಷದ ಸಂಧಿಯಲ್ಲಿ ಅರ್ಧದಷ್ಟು ನೆಲ ಹೋಯಿತು; ಹಾಲೆಯ ವಿಶ್ವವಿದ್ಯಾನಿಲಯವೂ ಕೈಬಿಟ್ಟಿತು; ಮೇಲೆ ಯುದ್ಧದಂಡದ ಹೊರೆ. ವಿಶ್ವಜಿದ್ಯಾಗವಾದ ಮೇಲಿನ ರಘುವಿಗಿಂತಲೂ ಬರಿಗೈಯಾಗಿದ್ದ ಆ ಅರಸನ ಕಾಲದಲ್ಲಿ, 1810ರಲ್ಲಿ, ಬರ್ಲಿನ್ ನಗರದ ಒಂದು ಅರಮನೆಯನ್ನೇ ಬಿಟ್ಟುಕೊಟ್ಟು ಹೊಸದೊಂದು ವಿಶ್ವವಿದ್ಯಾನಿಲಯವನ್ನು ತೆರೆದರು. ಅದರ ಕಲ್ಪನೆಯನ್ನು ಕೊಟ್ಟವನು ವಿಲ್ಹೆಲ್ಮ್ ಫಾನ್ ಹುಂಬೋಲ್ಟ್. ಈತನು ವಿದ್ಯಾಖಾತೆಯ ಅಧಿಕಾರದಲ್ಲಿದ್ದುದು ಒಂದೂವರೆ ವರ್ಷದೊಳಗೆ. ಆಮೇಲೆ ಸಂಸ್ಕೃತವನ್ನು ಕಲಿತು ಭಗವದ್ಗೀತೆಯ ಮೇಲೆ ಬರ್ಲಿನ್ನಿನ ಪಂಡಿತಸಭೆಯಲ್ಲಿ ಪ್ರಬಂಧಗಳನ್ನು ಓದಿದವನೂ ಈತನೇ. ಇವನ ಮತದಲ್ಲಿ ವಿಶ್ವವಿದ್ಯಾನಿಲಯವೆಂದರೆ ಸಿದ್ಧವಿದ್ಯೆಯನ್ನು ಹಂಚುವ ಉಗ್ರಾಣವಲ್ಲ; ಗುರುಶಿಷ್ಯರಿಬ್ಬರೂ ಇನ್ನೂ ತಿಳಿಯದುದನ್ನು ಒಟ್ಟಿಗೆ ಹುಡುಕುವ ಸ್ಥಳ. ಗುರುವಿಗೆ ತನಗೆ ಸತ್ಯವೆಂದು ತೋರಿದುದನ್ನು ಬೋಧಿಸುವ ಸ್ವಾತಂತ್ರ್ಯ, ಶಿಷ್ಯನಿಗೆ ತನಗೆ ಬೇಕಾದುದನ್ನು ಬೇಕಾದ ಗುರುವಿನಲ್ಲಿ ಕಲಿಯುವ ಸ್ವಾತಂತ್ರ್ಯ. ಅಷ್ಟೇ ಅಲ್ಲ, ನಮ್ಮ ಅರಸರು ಅಗ್ರಹಾರಗಳಿಗೆ ಮಾನ್ಯವನ್ನು ಬಿಟ್ಟಂತೆ ಈ ವಿದ್ಯಾಲಯಕ್ಕೂ ರಾಜಭೂಮಿಯನ್ನು ಬಿಟ್ಟುಕೊಡಬೇಕೆಂದೂ, ವರ್ಷವರ್ಷವೂ ಮಂತ್ರಿಗಳ ಮುಖ ನೋಡುವ ದುರವಸ್ಥೆ ಅದಕ್ಕೆ ಬರಕೂಡದೆಂದೂ ಆತನು ಬೇಡಿದ್ದನು. ಈ ಭಾಗ ಮಾತ್ರ ಫಲಿಸಲಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ. ಆ ಕಾಲದ ಜರ್ಮನ್ ವಿದ್ಯಾರ್ಥಿಯು ಹಣ ಕೊಡದೆ ಓದುತ್ತಿರಲಿಲ್ಲ. ಪ್ರವಚನಗಳಿಗೆ ಶ್ರವಣಶುಲ್ಕವಿದ್ದಿತು, ಸಂಬಳವಿಲ್ಲದ ಕಿರಿಯ ಬೋಧಕರು ಅದರಿಂದಲೇ ಬದುಕುತ್ತಿದ್ದರು. ಪಶ್ಚಿಮ ಜರ್ಮನಿಯಲ್ಲಿ ಇದು ನಿಂತದ್ದು 1970ರಲ್ಲಿ. ಆದರೆ ವಿಶ್ವವಿದ್ಯಾನಿಲಯದ ಭಾರವನ್ನು ಹೊತ್ತದ್ದು ರಾಜ್ಯವೇ ಹೊರತು ಆ ಶುಲ್ಕವಲ್ಲ.

ಈ ಎರಡು ಪದ್ಧತಿಗಳ ತಾರತಮ್ಯವನ್ನು ಅಳೆಯಲು ನನ್ನಂಥ ಪಾಠಶಾಲೆಯವನಿಗೆ ದೂರ ಹೋಗಬೇಕಾಗಿಲ್ಲ. ಸಂಸ್ಕೃತಪೀಠಗಳ ಚರಿತ್ರೆಯೇ ಒರೆಗಲ್ಲು. ಜರ್ಮನಿಗೆ ಆಗ ಹಿಂದೂದೇಶದಲ್ಲಿ ಒಂದು ಗ್ರಾಮವೂ ಇರಲಿಲ್ಲ. ಆದರೂ 1818ರಲ್ಲಿಯೇ ಬಾನ್ ನಗರದಲ್ಲಿ ಶ್ಲೇಗೆಲ್ಲನು ಪ್ರಾಧ್ಯಾಪಕನಾಗಿ ಸಂಸ್ಕೃತಬೋಧನೆಗೆ ತೊಡಗಿ, 1823ರಲ್ಲಿ ಗೀತೆಯನ್ನು ಲ್ಯಾಟಿನ್ ಅನುವಾದದೊಡನೆ ಅಚ್ಚು ಹಾಕಿಸಿದನು. 1821ರಲ್ಲಿ ಬರ್ಲಿನ್ನು ಬಾಪ್ ಪಂಡಿತನಿಗೆ ಪೀಠವನ್ನು ಕೊಟ್ಟಿತು. ಹಿಂದೂದೇಶವನ್ನೇ ಆಳುತ್ತಿದ್ದ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸಂಸ್ಕೃತಪೀಠವು ತುಂಬಿದ್ದು 1832ರಲ್ಲಿ. ಅದೂ ರಾಜ್ಯದ ಹಣದಿಂದಲ್ಲ, ಬೋಡನ್ ಎಂಬ ಸೇನಾಧಿಕಾರಿಯ ಮರಣಶಾಸನದಿಂದ. ಹಿಂದೂಗಳನ್ನು ಕ್ರೈಸ್ತಮತಕ್ಕೆ ತರಲು ಸಹಾಯವಾಗಲೆಂಬುದೇ ಆ ದತ್ತಿಯ ಉದ್ದೇಶ. 1860ರಲ್ಲಿ ಆ ಪೀಠ ತೆರವಾದಾಗ ಜರ್ಮನಿಯಲ್ಲಿ ಕಲಿತ ಮ್ಯಾಕ್ಸ್ ಮುಲ್ಲರನಿಗೂ ಮೋನಿಯರ್ ವಿಲಿಯಮ್ಸನಿಗೂ ಸ್ಪರ್ಧೆ ನಡೆಯಿತು. ಪ್ರಾಧ್ಯಾಪಕನನ್ನು ಆರಿಸಿದವರು ಪಂಡಿತರಲ್ಲ. ಹಳೆಯ ಪದವೀಧರರೆಲ್ಲ ಸೇರಿ ಓಟು ಹಾಕಿದರು. ಅವರಲ್ಲಿ ಪಾದ್ರಿಗಳೇ ಬಹಳ. ಸಂಸ್ಕೃತದ ಒಂದಕ್ಷರವನ್ನೂ ಅರಿಯದವರು ಇನ್ನೂ ಬಹಳ. ವಿಲಿಯಮ್ಸನಿಗೆ 833, ಮುಲ್ಲರನಿಗೆ 610. ವಿಲಿಯಮ್ಸನ ಕೋಶವನ್ನು ನಾನೂ ದಿನವೂ ತೆರೆಯುವವನೇ. ಅವನು ಅಯೋಗ್ಯನೆಂದು ನಾನು ಹೇಳಲಾರೆ. ಆದರೆ ಪ್ರಾಧ್ಯಾಪಕನನ್ನು ಆರಿಸುವ ರೀತಿ ಅದೇನು? ದತ್ತಿ ಕೊಟ್ಟವನ ಇಷ್ಟವು ವಿದ್ಯೆಯ ಮೇಲೆ ಸವಾರಿ ಮಾಡಿದರೆ ಹೀಗೆಯೇ ಆಗುವುದು.

ನಮ್ಮ ವಿದ್ಯಾರ್ಥಿದಶೆಯಲ್ಲಿ ವ್ಯಾಕರಣದ ಗುರುಗಳು ಪತಂಜಲಿಯ ಮಹಾಭಾಷ್ಯದ ಪಾಠಭೇದವನ್ನು ನಿರ್ಣಯಿಸಬೇಕಾದಾಗ ತೆಗೆಯುತ್ತಿದ್ದುದು ಕೀಲ್‌ಹಾರ್ನನ ಮುದ್ರಣವನ್ನು. 1880ರಿಂದ 1885ರವರೆಗೆ ಮುಂಬಯಿಯಲ್ಲಿ ಮೂರು ಸಂಪುಟಗಳಾಗಿ ಹೊರಬಿದ್ದ ಆ ಗ್ರಂಥದ ಸಂಪಾದಕನು ಜರ್ಮನ್ ವಿಶ್ವವಿದ್ಯಾನಿಲಯಗಳ ಶಿಷ್ಯ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಇದ್ದು, ಆಮೇಲೆ ಗ್ಯೋಟಿಂಗನ್ನಿನಲ್ಲಿ ಪ್ರಾಧ್ಯಾಪಕನಾದವನು. ಕನ್ನಡಿಗರು ನಿತ್ಯವೂ ನೆನೆಯತಕ್ಕ ಕಿಟ್ಟೆಲ್ಲರನ್ನಂತೂ ಹೇಳಲೇಬೇಕು. ಅವರು ವಿಶ್ವವಿದ್ಯಾನಿಲಯದಲ್ಲಿ ಓದಿದವರಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಗಳು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ ಕೋಶ ಅಚ್ಚಾಯಿತು. ಎರಡೇ ವರ್ಷಗಳಲ್ಲಿ, 1896ರಲ್ಲಿ, ಟ್ಯೂಬಿಂಗನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಕನ್ನಡದಿಂದ ಟ್ಯೂಬಿಂಗನ್ನಿಗೆ ಬರತಕ್ಕ ಲಾಭವೇನಿತ್ತು? ಕಾಸಿನ ಲಾಭವಿರಲಿಲ್ಲ.

ನಮ್ಮ ದೇಶಕ್ಕೆ ಇವೆರಡರಲ್ಲಿ ಯಾವುದು ಬಂದಿತು? ಎರಡೂ ಬರಲಿಲ್ಲ. 1857ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೆ ಮಾದರಿಯಾದುದು ಆಕ್ಸ್‌ಫರ್ಡೂ ಅಲ್ಲ, ಬರ್ಲಿನ್ನೂ ಅಲ್ಲ. 1836ರ ಲಂಡನ್ ವಿಶ್ವವಿದ್ಯಾನಿಲಯ. ಅದಾದರೋ ಆಗ ಪರೀಕ್ಷೆ ನಡೆಸಿ ಪದವಿ ಕೊಡುವ ಕಚೇರಿ ಮಾತ್ರವಾಗಿದ್ದಿತು; ಪಾಠ ಹೇಳುವ ಗೋಜು ಅದಕ್ಕಿರಲಿಲ್ಲ. ಲಂಡನ್ನಿನವರು ಕ್ರಮೇಣ ಅದನ್ನು ತಿದ್ದಿಕೊಂಡರು. ನಾವು ಇಂದಿಗೂ ವಿಶ್ವವಿದ್ಯಾನಿಲಯವೆಂದರೆ ಪ್ರಶ್ನಪತ್ರಿಕೆ ಮತ್ತು ಅಂಕಪಟ್ಟಿ ಎಂದೇ ನಂಬಿದ್ದೇವೆ. ಒಮ್ಮೆ ಇಂಗ್ಲೆಂಡಿನಿಂದ ಎಂಜಲನ್ನು ತಂದುದು ಸಾಲದೆ? ಮತ್ತೊಮ್ಮೆ ಎಲೆ ಹಾಕಿ ಕುಳಿತುಕೊಳ್ಳಬೇಕೆ?

ನಮ್ಮ ಮಿತ್ರರು ಮರೆತ ಒಂದು ಸಂಗತಿಯಿದೆ. ಅವರು ಹೊಗಳುವ ಪದ್ಧತಿಯು ಇಂಗ್ಲೆಂಡಿನ ಸನಾತನ ಧರ್ಮವೇನೂ ಅಲ್ಲ. ನಿನ್ನೆ ಮೊನ್ನೆಯ ಹುಟ್ಟು. 1962ರ ಶಾಸನದ ಮೇಲೆ ಆ ದೇಶದ ವಿದ್ಯಾರ್ಥಿಯ ಶುಲ್ಕವನ್ನು ಸ್ಥಳೀಯ ಸಂಸ್ಥೆಗಳೇ ಕಟ್ಟುತ್ತಿದ್ದುವು. ಊಟವಸತಿಗೂ ತಂದೆಯ ಆದಾಯವನ್ನು ನೋಡಿ ಸಹಾಯಧನ ದೊರೆಯುತ್ತಿತ್ತು. ಮರುವರ್ಷ ರಾಬಿನ್ಸ್ ಸಮಿತಿಯು, ಯೋಗ್ಯತೆಯೂ ಅಪೇಕ್ಷೆಯೂ ಉಳ್ಳ ಎಲ್ಲರಿಗೂ ಸ್ಥಳವಿರತಕ್ಕದ್ದೆಂದು ವಿಧಿಸಿತು. ಗಣಿಕೆಲಸದವರ ಮಕ್ಕಳು, ಅಂಗಡಿಯ ಗುಮಾಸ್ತರ ಮಕ್ಕಳು ಋಣವಿಲ್ಲದೆ ಪದವೀಧರರಾದ ಕಾಲ ಅದು. ಆ ಮೂವತ್ತಾರು ವರ್ಷ ಇಂಗ್ಲೆಂಡಿನಲ್ಲಿಯೂ ರಘುವು ಸಿಂಹಾಸನದಲ್ಲಿದ್ದನು.

ಆಮೇಲೆ ನಡೆದುದನ್ನು ವರ್ಷವಾರು ಹೇಳುವೆನು. 1998ರಲ್ಲಿ ವರ್ಷಕ್ಕೆ 1,000 ಪೌಂಡಿನವರೆಗೆ ಶುಲ್ಕ ಬಂದಿತು. ಅದನ್ನು 3,000ಕ್ಕೆ ಏರಿಸುವ ಮಸೂದೆಯು 2004ರ ಜನವರಿಯಲ್ಲಿ ಪಾರ್ಲಿಮೆಂಟಿನಲ್ಲಿ 316ಕ್ಕೆ 311, ಅಂದರೆ ಐದೇ ಓಟುಗಳಿಂದ ದಾಟಿ 2006ರಿಂದ ಜಾರಿಗೆ ಬಂದಿತು. 2010ರ ಡಿಸೆಂಬರಿನಲ್ಲಿ 323ಕ್ಕೆ 302ರಂತೆ ಮಿತಿಯನ್ನು 9,000ಕ್ಕೆ ಹಾರಿಸಿದರು. ಶುಲ್ಕವನ್ನು ಏರಗೊಡೆವೆಂದು ಆ ವರ್ಷದ ಚುನಾವಣೆಯಲ್ಲಿ ಬರೆದು ರುಜು ಮಾಡಿಕೊಟ್ಟಿದ್ದ ಪಕ್ಷದವರಲ್ಲಿಯೇ ಹಲವರು ಏರಿಕೆಯ ಪರವಾಗಿ ಓಟು ಹಾಕಿದರೆಂಬುದು ಲೋಕಪ್ರಸಿದ್ಧ. 2017ರಲ್ಲಿ 9,250, 2025ರಲ್ಲಿ 9,535. ಬಡವಿದ್ಯಾರ್ಥಿಯ ಊಟವಸತಿಯ ಸಹಾಯಧನವನ್ನೂ 2016ರಿಂದ ಹೊಸಬರಿಗೆ ನಿಲ್ಲಿಸಿ ಅದನ್ನೂ ಸಾಲವಾಗಿ ಮಾಡಿದರು. ಇದೆಲ್ಲ ಇಂಗ್ಲೆಂಡಿನ ಮಾತು. ಅದೇ ಕಿರೀಟದ ಕೆಳಗಿರುವ ಸ್ಕಾಟ್ಲೆಂಡು ತನ್ನ ಮಕ್ಕಳಿಂದ ಮೊದಲ ಪದವಿಗೆ ಶುಲ್ಕವನ್ನು ಕೇಳುವುದಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿಯೇ ಒಮ್ಮತವಿಲ್ಲದ ಪದ್ಧತಿಯನ್ನು ನಮಗೆ ಸರ್ವಸಮ್ಮತ ಪ್ರಮಾಣವೆಂದು ತೋರಿಸುತ್ತಾರೆ!

ಜರ್ಮನಿಯವರೂ ಈ ಗಾಳಿಗೆ ಸಿಕ್ಕಿದರು. ಅಲ್ಲಿ ವಿದ್ಯೆಯು ಹದಿನಾರು ಪ್ರಾಂತ್ಯಗಳ ಕೈಯಲ್ಲಿದೆ. ಶುಲ್ಕ ಕೂಡದೆಂದು ಕೇಂದ್ರ ಸರ್ಕಾರ ಮಾಡಿದ್ದ ನಿಷೇಧವನ್ನು 2005ರ ಜನವರಿಯಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯವು ಅಧಿಕಾರಬಾಹಿರವೆಂದು ಹೊಡೆದುಹಾಕಿತು. ಒಡನೆಯೇ ಏಳು ಪ್ರಾಂತ್ಯಗಳು ಅರ್ಧವರ್ಷಕ್ಕೆ 500 ಯೂರೋವಿನ ಶುಲ್ಕವನ್ನು ತಂದುವು. ಇಂಗ್ಲೆಂಡಿನ ಶುಲ್ಕದೆದುರಿಗೆ ಇದು ಅಲ್ಪವೇ. ಆದರೂ ಜನರು ಒಪ್ಪಲಿಲ್ಲ. ಹೆಸ್ಸೆನ್ ಪ್ರಾಂತ್ಯವು 2008ರಲ್ಲಿಯೇ ಕೈಬಿಟ್ಟಿತು. ಬವೇರಿಯದಲ್ಲಿ ಪ್ರಜೆಗಳು ಸಾಲಾಗಿ ನಿಂತು ರುಜು ಹಾಕಿ ಅರಿಕೆ ಮಾಡಿಕೊಂಡ ಮೇಲೆ 2013ರಲ್ಲಿ ಅಲ್ಲಿಯ ಶಾಸನಸಭೆಯೂ ಬಿಟ್ಟಿತು. ಕೊನೆಯದಾಗಿ 2014ರಲ್ಲಿ ಕೆಳಸ್ಯಾಕ್ಸನಿ. ಒಂದೇ ಪಕ್ಷದವರ ಕೆಲಸ ಇದಲ್ಲ. ಶುಲ್ಕವನ್ನು ತಂದವರೇ ಕೆಲವೆಡೆ ತೆಗೆದರು. ಬಡವರ ಮಕ್ಕಳ ಜೀವನವೆಚ್ಚಕ್ಕೆ 1971ರಿಂದ ಅಲ್ಲಿ ಇರುವ ಸಹಾಯಧನದಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಅರ್ಧ ದಾನ, ಅರ್ಧ ಬಡ್ಡಿಯಿಲ್ಲದ ಸಾಲ. ಹಿಂದಿರುಗಿಸಬೇಕಾದುದಕ್ಕೂ 10,010 ಯೂರೋವಿನ ಮೇರೆಯಿದೆ. ಇಂಗ್ಲೆಂಡಿನಲ್ಲಿ 2023ರಿಂದೀಚೆಗೆ ಸೇರಿದವನ ಸಾಲವಾದರೋ ನಲವತ್ತು ವರ್ಷ ಬೆನ್ನ ಹಿಂದೆ ಬರುವುದು. ಇಪ್ಪತ್ತೆರಡರಲ್ಲಿ ಪದವಿ ಪಡೆದವನು ಅರವತ್ತೆರಡರವರೆಗೆ, ನಿಗದಿಯಾದ ಮಿತಿಗಿಂತ ಮೇಲಿನ ಸಂಪಾದನೆಯಲ್ಲಿ ನೂರಕ್ಕೆ ಒಂಬತ್ತನ್ನು ಸಾಲಕ್ಕೆ ಎತ್ತಿಡಬೇಕು. ಮಗನು ಕಾಲೇಜಿಗೆ ಹೊರಡುವ ದಿನವೂ ತಂದೆಯ ಕಾಲೇಜಿನ ಲೆಕ್ಕ ಮುಗಿದಿರುವುದಿಲ್ಲ.

ಇಲ್ಲಿ ಪೂರ್ವಪಕ್ಷದ ಅತ್ಯಂತ ಬಲವಾದ ಆಕ್ಷೇಪಣೆಯನ್ನು ಎತ್ತಿಕೊಳ್ಳಬೇಕು. ಉಳುವವನೂ ಬಟ್ಟೆ ಒಗೆಯುವವನೂ ಕೊಟ್ಟ ತೆರಿಗೆಯಿಂದ ವಕೀಲರ ಮಗನು ಏಕೆ ಪುಕ್ಕಟೆ ಓದಬೇಕು? ಪದವಿಯಿಂದ ಹೆಚ್ಚು ಸಂಪಾದಿಸುವವನೇ ಅದರ ವೆಚ್ಚವನ್ನು ಕೊಡಲಿ. ಶುಲ್ಕ ಬಂದ ಮೇಲೆಯೂ ಇಂಗ್ಲೆಂಡಿನಲ್ಲಿ ಬಡಮನೆಗಳಿಂದ ಬರುವ ತರುಣರ ಪ್ರಮಾಣ ಕುಗ್ಗಲಿಲ್ಲ, ಏರಿತು. ಈ ಕೊನೆಯ ಮಾತು ನಿಜ, ನಾನು ಮುಚ್ಚಿಡುವುದಿಲ್ಲ. ಆದರೆ 2012ರ ಏರಿಕೆಯಾದ ಮೇಲೆ ದುಡಿಯುತ್ತ ಅರ್ಧಕಾಲ ಓದುತ್ತಿದ್ದ ವಯಸ್ಕರ ಸಂಖ್ಯೆ ಹಠಾತ್ತಾಗಿ ಕುಸಿಯಿತೆಂಬುದೂ ಅಷ್ಟೇ ನಿಜ. ಹದಿನೆಂಟರ ಹುಡುಗನು ನಲವತ್ತು ವರ್ಷದ ಋಣವನ್ನು ಕಣ್ಣುಮುಚ್ಚಿ ಒಪ್ಪುವನು. ಮೂರು ಮಕ್ಕಳ ತಂದೆ ಒಪ್ಪಲಾರನು. ಇನ್ನು ನ್ಯಾಯದ ಮಾತು. ಐಶ್ವರ್ಯವಂತನು ಶುಲ್ಕವನ್ನು ಒಮ್ಮೆಗೇ ಬಿಸಾಡಿ ಬಡ್ಡಿಯ ಕಾಟವಿಲ್ಲದೆ ಕೈತೊಳೆದುಕೊಳ್ಳುವನು. ಅತಿ ಕಡಮೆ ಸಂಪಾದಿಸುವವನ ಸಾಲವನ್ನು ಅವಧಿ ಮುಗಿದ ಮೇಲೆ ಸರ್ಕಾರವೇ ಅಳಿಸಿಹಾಕುವುದು. ನಡುವೆ ಸಿಕ್ಕಿದ ಉಪಾಧ್ಯಾಯನೂ ಶುಶ್ರೂಷಕಿಯೂ ಬಡ್ಡಿ ಸೇರಿಸಿ ಎಲ್ಲರಿಗಿಂತ ಹೆಚ್ಚಾಗಿ ತೆರುವರು. ಹೆಚ್ಚು ಸಂಪಾದಿಸುವವನು ಹೆಚ್ಚು ಕೊಡಬೇಕೆಂಬುದಕ್ಕೆ ಆದಾಯದ ತೆರಿಗೆಯೆಂಬ ಸಾಧನ ಆಗಲೇ ಇರಲಿಲ್ಲವೆ? ಅದು ಪದವೀಧರನಲ್ಲದ ಕೋಟ್ಯಧೀಶನನ್ನೂ ಬಿಡುವುದಿಲ್ಲ. ಬಟ್ಟೆ ಒಗೆಯುವವನ ಹೆಂಡತಿಗೆ ಹೆರಿಗೆ ಮಾಡಿಸುವ ವೈದ್ಯಳು ಓದಿದುದು ತನಗಾಗಿ ಮಾತ್ರವೆ? ಆ ವಿದ್ಯೆಯ ಅರ್ಧಫಲವನ್ನು ಉಣ್ಣುವವನು ಊರಿನವನೇ ಅಲ್ಲವೆ?

ಬೆಲೆ ಬಂದೊಡನೆ ವಿದ್ಯೆಯ ಸ್ವರೂಪವೂ ಕೆಡುವುದು. ಜ್ಞಾನವನ್ನು ಹೊಟ್ಟೆಪಾಡಿನ ಸರಕಾಗಿ ಮಾಡಿಕೊಂಡವನನ್ನು ಮಾಳವಿಕಾಗ್ನಿಮಿತ್ರದಲ್ಲಿ ವರ್ತಕನೆಂದು ಜರೆದಿದೆ. ಗೊತ್ತಾದ ಕೂಲಿಗೆ ವೇದವನ್ನು ಹೇಳಿಕೊಡುವವನನ್ನು ಸ್ಮೃತಿಕಾರರು ಶ್ರಾದ್ಧದ ಪಂಕ್ತಿಯಿಂದಲೇ ಎಬ್ಬಿಸಿದರು. ಪಾಠಶಾಲೆಯ ಮುದುಕನ ಗೊಣಗಾಟವೆಂದು ನಗುವವರು ಇಂಗ್ಲೆಂಡಿನ ಪತ್ರಿಕೆಗಳನ್ನು ಓದಲಿ. ಷೆಫೀಲ್ಡ್ ವಿಶ್ವವಿದ್ಯಾನಿಲಯವು ಪುರಾತತ್ತ್ವ ವಿಭಾಗವನ್ನು ಮುಚ್ಚುವುದೆಂದು 2021ರಲ್ಲಿ ನಿಶ್ಚಯಿಸಿತು. ಕೆಂಟ್ ವಿಶ್ವವಿದ್ಯಾನಿಲಯವು 2024ರಲ್ಲಿ ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಕಲಾಚರಿತ್ರೆ ಮೊದಲಾದುವನ್ನು ಕ್ರಮೇಣ ನಿಲ್ಲಿಸುವುದಾಗಿ ಸಾರಿತು. ಗಿರಾಕಿ ಕೇಳದ ಸರಕನ್ನು ಯಾವ ವರ್ತಕನು ಅಂಗಡಿಯಲ್ಲಿಟ್ಟಾನು? 2015ರಲ್ಲಿ ವಿದ್ಯಾರ್ಥಿಸಂಖ್ಯೆಯ ಮಿತಿಯನ್ನು ತೆಗೆದ ಮೇಲೆ ಒಂದು ವಿಶ್ವವಿದ್ಯಾನಿಲಯಕ್ಕೆ ಇನ್ನೊಂದು ವೈರಿಯಾಯಿತು. ಜಾಹಿರಾತುಗಳನ್ನು ನೋಡಿದರೆ ಸೋಪಿಗೂ ಶಾಸ್ತ್ರಕ್ಕೂ ಭೇದ ತಿಳಿಯುವುದಿಲ್ಲ. ಜರ್ಮನಿಯಲ್ಲಿಯೂ ಚಿಕ್ಕ ಶಾಸ್ತ್ರಗಳು ಸೊರಗಿಲ್ಲವೆಂದಲ್ಲ. ಅವುಗಳನ್ನು ಅಲ್ಲಿಯವರು ಸೀತಾಳೆದಂಡೆಯ ಜಾತಿಯ ಆರ್ಕಿಡ್ ಹೂವಿಗೆ ಹೋಲಿಸಿ ಹಾಸ್ಯಮಾಡುವರು, ಕೆಲವು ಪೀಠಗಳನ್ನು ಮುಚ್ಚಿಯೂ ಇದ್ದಾರೆ. ಆದರೆ ಮುಚ್ಚಬೇಕೆ ಉಳಿಸಬೇಕೆ ಎಂಬ ಚರ್ಚೆ ಅಲ್ಲಿ ಸರ್ಕಾರದ ಮುಂದೆಯೂ ಪ್ರಜೆಗಳ ಮುಂದೆಯೂ ನಡೆಯಬೇಕು; ಇಂಗ್ಲೆಂಡಿನಲ್ಲಿ ಲೆಕ್ಕದ ಪುಸ್ತಕವೇ ತೀರ್ಮಾನಿಸುವುದು.

ಲೋಕದ ಶ್ರೇಯಾಂಕಪಟ್ಟಿಯಲ್ಲಿ ಇಂಗ್ಲೆಂಡು ಮೇಲಿದೆಯಲ್ಲಾ, ಎಂಬುದು ಮಿತ್ರರ ಬ್ರಹ್ಮಾಸ್ತ್ರ. ಜರ್ಮನಿಯ ಸಂಶೋಧನೆಯ ದೊಡ್ಡದೊಂದು ಪಾಲು ವಿಶ್ವವಿದ್ಯಾನಿಲಯಗಳ ಹೊರಗೆ, 1948ರಲ್ಲಿ ಮ್ಯಾಕ್ಸ್ ಪ್ಲಾಂಕನ ಹೆಸರಿನಲ್ಲಿ ಪುನಃಸ್ಥಾಪಿತವಾದ ಸಂಸ್ಥಾನದಂಥವುಗಳಲ್ಲಿ ನಡೆಯುತ್ತದೆ. ಆ ಕೀರ್ತಿ ವಿಶ್ವವಿದ್ಯಾನಿಲಯಗಳ ಲೆಕ್ಕಕ್ಕೆ ಬರುವುದಿಲ್ಲ. ಇದು ಹುಂಬೋಲ್ಟನ ಆದರ್ಶಕ್ಕೆ ವಿರುದ್ಧವೆಂದು ಬೇಕಾದರೆ ಜರ್ಮನರನ್ನು ಬೈಯಿರಿ, ನಾನೂ ಜೊತೆಗೂಡುವೆನು. ಆದರೆ ಆ ಪಟ್ಟಿಯನ್ನು ಹಿಡಿದು ಒಂದು ರಾಷ್ಟ್ರದ ವಿದ್ಯೆಯನ್ನು ತೂಗಬೇಡಿರಿ.

ಜರ್ಮನಿಯ ದೋಷಗಳನ್ನು ಕಾಣದಷ್ಟು ನಾನು ಪಕ್ಷಪಾತಿಯಲ್ಲ. ಎಲ್ಲಕ್ಕಿಂತ ದೊಡ್ಡ ದೋಷವು ಕಾಲೇಜಿಗಿಂತ ಬಹು ಮೊದಲೇ ಇದೆ. ಬಹುಪಾಲು ಪ್ರಾಂತ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿದೊಡನೆ, ಹತ್ತು ವರ್ಷದ ಕೂಸುಗಳನ್ನು, ಇವರು ವಿಶ್ವವಿದ್ಯಾನಿಲಯದ ದಾರಿಯವರು, ಇವರು ಕಸಬಿನ ದಾರಿಯವರು ಎಂದು ಬೇರೆ ಬೇರೆ ಶಾಲೆಗಳಿಗೆ ವಿಂಗಡಿಸುವರು. ನಡುವೆ ದಾರಿ ಬದಲಾಯಿಸಲು ಅವಕಾಶವಿದ್ದರೂ ಓದಿದ ತಂದೆಯ ಮಗನು ಒಂದು ಕಡೆಗೂ ಕೂಲಿಯವನ ಮಗನು ಇನ್ನೊಂದು ಕಡೆಗೂ ಬೀಳುವುದೇ ಹೆಚ್ಚು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸಿದ ನಾನು ಹೇಳುವೆನು, ಹತ್ತನೆಯ ವಯಸ್ಸಿನಲ್ಲಿ ಮಂದನೆನಿಸಿದ ಹುಡುಗನೇ ಹದಿನೈದರಲ್ಲಿ ತರಗತಿಗೆ ಕಳಶವಾದುದನ್ನು ಎಷ್ಟೋ ಸಲ ಕಂಡಿದ್ದೇನೆ. ಮೇಲಿನ ಬಾಗಿಲನ್ನು ಪುಕ್ಕಟೆಯಾಗಿ ತೆರೆದಿಟ್ಟು ಕೆಳಗಿನ ಮೆಟ್ಟಿಲಲ್ಲಿ ಕಾವಲು ಹಾಕಿದ್ದಾರೆ. ಕಸಬಿನ ದಾರಿಯು ಅಲ್ಲಿ ಅವಮಾನದ ದಾರಿಯಲ್ಲ, ಕಾರ್ಖಾನೆಯ ಕೆಲಸವನ್ನೂ ಶಾಲೆಯ ಪಾಠವನ್ನೂ ಜೋಡಿಸಿ ಸಂಬಳ ಕೊಟ್ಟು ಕಲಿಸುವರು ಎಂಬುದರಿಂದ ಈ ದೋಷ ತಗ್ಗುವುದೇ ಹೊರತು ಅಳಿಯುವುದಿಲ್ಲ. ಪ್ರವಚನಶಾಲೆಗಳಲ್ಲಿ ಸಂತೆಯಂಥ ಗುಂಪು. ನಡುವೆಯೇ ಬಿಟ್ಟುಹೋಗುವವರು ಹಲವರು. ಕಿರಿಯ ವಿದ್ವಾಂಸರಿಗೆ ವರ್ಷಾನುಗಟ್ಟಲೆ ಹಂಗಾಮಿ ನೌಕರಿ. ಇಬ್ಬರು ಮೂವರನ್ನು ಎದುರಿಗೆ ಕುಳ್ಳಿರಿಸಿಕೊಂಡು ಪ್ರಬಂಧವನ್ನು ಓದಿಸಿ ತಿದ್ದುವ ಆಕ್ಸ್‌ಫರ್ಡಿನ ಕ್ರಮವು ನಮ್ಮ ಪಾಠಶಾಲೆಯ ವಾಕ್ಯಾರ್ಥಕ್ಕೆ ಹತ್ತಿರವಾದುದು. ಅದನ್ನು ಯಾರಾದರೂ ತಂದರೆ ನಾನು ಪೂರ್ಣಕುಂಭ ಹಿಡಿದು ಎದುರುಗೊಳ್ಳುವೆನು. ನಮ್ಮವರು ತರಬೇಕೆನ್ನುತ್ತಿರುವುದು ಅದನ್ನಲ್ಲ, ಫೀಜಿನ ಚೀಟಿಯನ್ನು.

ರಾಜ್ಯದ ಅನ್ನವನ್ನುಂಡ ವಿದ್ಯಾಲಯವು ರಾಜ್ಯಕ್ಕೆ ದಾಸನಾಗುವುದೆಂಬ ಆಕ್ಷೇಪಣೆ ಮಾತ್ರ ನಿಜವಾಗಿಯೂ ಗಂಭೀರವಾದುದು. 1933ರ ಏಪ್ರಿಲಿನಲ್ಲಿ ಹಿಟ್ಲರನ ಸರ್ಕಾರವು ಒಂದು ಶಾಸನದಿಂದ ಯೆಹೂದ್ಯ ಅಧ್ಯಾಪಕರನ್ನು ಹೊರಹಾಕತೊಡಗಿತು. ಗಣಿತದಲ್ಲಿ ಲೋಕಕ್ಕೆ ತಿಲಕಪ್ರಾಯವಾಗಿದ್ದ ಗ್ಯೋಟಿಂಗನ್ ಕೆಲವೇ ತಿಂಗಳುಗಳಲ್ಲಿ ಹಾಳು ಸುರಿಯಿತು. ಅಷ್ಟು ದೊಡ್ಡ ಪಂಡಿತಮಂಡಲಿಯಲ್ಲಿ ಎದ್ದುನಿಂತು ಅಡ್ಡಿ ಹೇಳಿದವರು ಬೆರಳೆಣಿಕೆಯವರು. ಅಲ್ಲಿಂದ ಹೊರಟ ಮ್ಯಾಕ್ಸ್ ಬಾರ್ನನಿಗೆ ಮೊದಲು ಆಶ್ರಯವಿತ್ತುದು ಕೇಂಬ್ರಿಡ್ಜ್. ಆತನು ರಾಮನ್ನರ ಆಹ್ವಾನದಿಂದ 1935-36ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಮಂದಿರದಲ್ಲಿಯೂ ಕೆಲವು ತಿಂಗಳಿದ್ದನು. ಇಂಗ್ಲೆಂಡಿನ ಈ ಔದಾರ್ಯವನ್ನು ನಾನು ಮನಃಪೂರ್ವಕವಾಗಿ ನಮಸ್ಕರಿಸುವೆನು. ಆದರೆ ಆ ಔದಾರ್ಯವನ್ನು ತೋರಿದ ಇಂಗ್ಲೆಂಡು ಶುಲ್ಕದಂಗಡಿಯ ಇಂಗ್ಲೆಂಡಲ್ಲ. 1919ರಿಂದ ಅಲ್ಲಿ ವಿಶ್ವವಿದ್ಯಾನಿಲಯಗಳಿಗೆ ಧನಸಹಾಯದ ಸಮಿತಿಯೊಂದು ಇದ್ದಿತು. ಹಣ ಸರ್ಕಾರದ್ದು, ಅದನ್ನು ಹಂಚುವ ಮಾತು ಬಹುಮಟ್ಟಿಗೆ ಪಂಡಿತರದು. ನಮ್ಮ ಯು.ಜಿ.ಸಿ.ಯ ಹೆಸರೂ ಅಲ್ಲಿಂದ ಬಂದುದೇ. ಆ ಸಮಿತಿಯನ್ನು ಇಂಗ್ಲೆಂಡು 1989ರಲ್ಲಿ ಎತ್ತಿಹಾಕಿತು. ಜರ್ಮನಿಯಾದರೋ ಸುಟ್ಟ ಕೈಯ ನೋವನ್ನು ಮರೆಯದೆ, 1949ರ ಸಂವಿಧಾನದ ಐದನೆಯ ವಿಧಿಯಲ್ಲಿ, ಶಾಸ್ತ್ರವೂ ಸಂಶೋಧನೆಯೂ ಬೋಧನೆಯೂ ಸ್ವತಂತ್ರವೆಂದು ಬರೆದಿಟ್ಟಿತು. ಅನ್ನ ಕೊಡುವ ಅರಸನ ಕೈಯನ್ನು ಕಟ್ಟಬೇಕು. ಅರಸನನ್ನೇ ಓಡಿಸಿದರೆ ಸಾಹುಕಾರನ ಕೈಯನ್ನು ಕಟ್ಟುವವರು ಯಾರು?

ನಮ್ಮ ಮಕ್ಕಳಿಗೆ ಇದರಿಂದೇನೆಂದು ಕೇಳಬಹುದು. ಇಂಗ್ಲೆಂಡಿನ ಮೇಲ್ಕಂಡ ಶುಲ್ಕಮಿತಿ ಅಲ್ಲಿಯ ಮಕ್ಕಳಿಗೆ. ಹೊರದೇಶದವರಿಗೆ ಮಿತಿಯೇ ಇಲ್ಲ. ತಮ್ಮವರಿಂದ ಬಂದುದು ಸಾಲದ ವಿಶ್ವವಿದ್ಯಾನಿಲಯಗಳು ಕೊರತೆಯನ್ನು ತುಂಬಿಕೊಳ್ಳುವುದು ನಮ್ಮಂಥವರ ಮಕ್ಕಳಿಂದ. ನನ್ನ ಹಳೆಯ ಶಿಷ್ಯನೊಬ್ಬನ ತಂದೆ ಒಂದು ವರ್ಷದ ಪದವಿಗಾಗಿ ಅಡಕೆಯ ತೋಟವನ್ನು ಬ್ಯಾಂಕಿಗೆ ಅಡವಿಟ್ಟರು. ಪದವಿ ಬಂದಿತು, ತೋಟ ಇನ್ನೂ ಬಂದಿಲ್ಲ. ಜರ್ಮನಿಗೆ ಹೋಗುವವರಿಗೂ ಎಲ್ಲವೂ ಉಚಿತವೆಂದು ನಾನು ಆಸೆ ಹುಟ್ಟಿಸುವುದಿಲ್ಲ. ಒಂದು ವರ್ಷದ ಜೀವನವೆಚ್ಚವನ್ನು, 2024ರ ಸೆಪ್ಟೆಂಬರಿನಲ್ಲಿ ಗೊತ್ತಾದಂತೆ 11,904 ಯೂರೋವನ್ನು, ಸಾಮಾನ್ಯವಾಗಿ ಮೊದಲೇ ಠೇವಣಿಯಾಗಿ ತೋರಿಸಬೇಕು. ಬಾಡೆನ್-ವುರ್ಟೆಂಬೆರ್ಗ್ ಪ್ರಾಂತ್ಯವು ಯೂರೋಪು ಒಕ್ಕೂಟದ ಹೊರಗಿನವರಿಂದ 2017ರಲ್ಲಿ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕವನ್ನು ತಂದಿತು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾನಿಲಯವು 2024ರಿಂದ ಅದಕ್ಕಿಂತಲೂ ಹೆಚ್ಚನ್ನು ಕೇಳತೊಡಗಿತು. ಅಲ್ಲಿಯೂ ಸಾಹುಕಾರನು ಹಿತ್ತಲಬಾಗಿಲಲ್ಲಿ ಇಣುಕುತ್ತಿದ್ದಾನೆ. ಆದರೂ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಪರದೇಶಿ ಬಾಲಕನೂ ಅಲ್ಲಿಯ ಬಾಲಕನಂತೆಯೇ ಅರ್ಧವರ್ಷಕ್ಕೆ ಕೆಲವು ನೂರು ಯೂರೋಗಳ ವಂತಿಗೆಯನ್ನೋ ಅದಕ್ಕೂ ಕಡಮೆಯನ್ನೋ ಕೊಟ್ಟು ಓದಬಹುದು.

ಕೊನೆಗೆ ನಮ್ಮ ಮನೆಯ ಮಾತು. 2023ರ ನಿಯಮಗಳಂತೆ ಹೊರದೇಶದ ವಿಶ್ವವಿದ್ಯಾನಿಲಯಗಳು ಇಲ್ಲಿಯೇ ಶಾಖೆ ತೆರೆದು ಶುಲ್ಕವನ್ನು ತಾವೇ ಗೊತ್ತುಮಾಡಿಕೊಳ್ಳಬಹುದು. ಲಿವರ್‌ಪೂಲ್ ವಿಶ್ವವಿದ್ಯಾನಿಲಯವು ಬೆಂಗಳೂರಿನಲ್ಲಿ ಶಾಖೆಯನ್ನು ತೆರೆಯಲು 2025ರಲ್ಲಿ ಯು.ಜಿ.ಸಿ.ಯಿಂದ ಒಪ್ಪಿಗೆಯ ಪತ್ರವನ್ನು ಪಡೆಯಿತು. ಬರಲಿ, ಅತಿಥಿಗೆ ಅರ್ಘ್ಯವನ್ನು ಕೊಡೋಣ. ನನ್ನ ಭಯವಿರುವುದು ಅತಿಥಿಯಲ್ಲಿ ಅಲ್ಲ, ಗೃಹಸ್ಥನಲ್ಲಿ. ನಮ್ಮ ಕೇಂದ್ರ ಸರ್ಕಾರವು 2017ರಲ್ಲಿ ಕೆನರಾ ಬ್ಯಾಂಕಿನೊಡನೆ ಕೂಡಿ ಹೇಫಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿತು. ಮೊದಲು ಅನುದಾನದಿಂದ ಕಟ್ಟಡವನ್ನೂ ಪ್ರಯೋಗಶಾಲೆಯನ್ನೂ ಕಟ್ಟುತ್ತಿದ್ದ ಉನ್ನತ ವಿದ್ಯಾಸಂಸ್ಥೆಗಳಿಗೆ ಇದು ಸಾಲವನ್ನು ಕೊಡುತ್ತದೆ. ಹಲವು ಹಳೆಯ ಸಂಸ್ಥೆಗಳು ಆ ಸಾಲದ ಅಸಲನ್ನು ತಮ್ಮ ಸ್ವಂತ ಆದಾಯದಿಂದಲೇ ತೀರಿಸಬೇಕು. ವಿದ್ಯಾಸಂಸ್ಥೆಗೆ ಸ್ವಂತ ಆದಾಯ ಬರುವುದು ಬಹುಮಟ್ಟಿಗೆ ಎಲ್ಲಿಂದ ಎಂಬುದನ್ನು ನಮ್ಮ ಮಾನ್ಯ ಮಿತ್ರರು ಈ ಪತ್ರಿಕೆಯಲ್ಲಿಯೇ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.